ಅರಿಹಂತನ ಸಹಿ

ವಿಶ್ರಾಮಬಾಗ, ಸಾಂಗಲಿ
28 ಜನವರಿ 2024

ಚಿ. ಅರಿಹಂತ,

ಪಕ್ಷದವರು ನಿನ್ನನ್ನು ಪಾರ್ಲಿಮೆಂಟಿನ ಅಭ್ಯರ್ಥಿಯನ್ನಾಗಿ ಆರಿಸಿದ್ದು ಕೇಳಿ ನಮಗೆಲ್ಲ ಸಂತೋಷವಾಯಿತು. ಔಷಧದ ಅಂಗಡಿಯಲ್ಲಿ ನೌಕರಿಗೆ ಸೇರಲು ಇಂಗ್ಲೆಂಡಿಗೆ ಹೋದವನು ಅಲ್ಲಿನ ಊರಿನ ಕೌನ್ಸಿಲಿನಲ್ಲಿ ಎಂಟು ವರ್ಷ ಕೂತೆ, ಈಗ ಇದು. ನೀನು ಕಳಿಸಿದ ಪ್ರಚಾರದ ಹಾಳೆಯನ್ನು ಇವರು ಪ್ರಿಂಟ್ ಮಾಡಿಸಿಕೊಂಡು ಬಂದರು. ಮಿರಜದ ನಮ್ಮ ಖಾನಾವಳಿಯ ಮುಂದೆ ಅವ್ವ ನಿಂತಿರುವ ಹಳೆಯ ಫೋಟೋ, ಕೆಳಗೆ ಇಂಗ್ಲಿಷಿನಲ್ಲಿ ‘ರೋಗಿಗಳ ಬಂಧುಗಳಿಗೆ ಮೂವತ್ತು ವರ್ಷ ಅನ್ನವಿಕ್ಕಿದ ತಾಯಿಯ ಮಗ’ ಎಂಬ ಸಾಲು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅವ್ವ ಫೋಟೋದಲ್ಲಿದ್ದ ತನ್ನನ್ನೇ ಸ್ವಲ್ಪ ಹೊತ್ತು ನೋಡಿದಳು.

“ಉಂಡವ್ರು ಅಥಣಿ, ಜಮಖಂಡಿ ಮಂದಿ. ಓಟ ಹಾಕವ್ರು ಅಲ್ಲಿಯವ್ರು. ಇಂವಾ ಹೆಂಗ ಆರಿಸಿ ಬರ್ತಾನ?” ಅಂದಳು.

ಈ ಪತ್ರ ಬರೆಯಲು ಕಾರಣ ಬೇರೆ. ಫೋನಿನಲ್ಲಿ ಬಿಚ್ಚಿ ಮಾತಾಡೋಣವೆಂದರೆ ಅವ್ವ ಪಕ್ಕದಲ್ಲೇ ಇರುತ್ತಾಳೆ. ಅವಳ ಹೊಟ್ಟೆನೋವು ಗ್ಯಾಸಿನದಲ್ಲ. ಹೊಟ್ಟೆಯಲ್ಲಿ ಗಡ್ಡೆಯಿದೆ, ಯಕೃತ್ತಿಗೂ ಹರಡಿದೆ. ಎಪ್ಪತ್ತಾರರ ವಯಸ್ಸಿಗೆ ಆಪರೇಶನ್ ಬೇಡವೆಂದು ಡಾಕ್ಟರರೇ ಹೇಳಿದರು. ಐದು ತಿಂಗಳು, ಹೆಚ್ಚೆಂದರೆ ಆರು. ಅವಳ ಮುಂದೆಯೇ ಹೇಳಿದರು, ಅವಳೇ ಕೇಳಿದ್ದಳು.

ಮನೆಗೆ ಬರುವಾಗ ರಿಕ್ಷಾದಲ್ಲಿ ಅವಳು ಒಂದೇ ಮಾತು ಆಡಿದಳು. ತಾನು ಸಲ್ಲೇಖನ ವ್ರತ ತಗೊಳ್ಳುತ್ತೇನೆ ಎಂದು. ಮೊದಲು ಕಾಳು ಬಿಡುವುದು, ಆಮೇಲೆ ಹಾಲು, ಆಮೇಲೆ ನೀರು. ಎಚ್ಚರವಿದ್ದು, ಣಮೋಕಾರ ಮಂತ್ರ ಕೇಳಿಸಿಕೊಳ್ಳುತ್ತಾ ಹೋಗುವುದು. ನಮ್ಮ ಅಜ್ಜಿ ಹಾಗೆ ಹೋದದ್ದು ನಿನಗೆ ನೆನಪಿರಬಹುದು, ನಿನಗಾಗ ಒಂಬತ್ತು ವರ್ಷ.

ಬಸದಿಗೆ ಬಂದಿರುವ ಸನ್ಯಾಸಿನಿ ಮಾತಾಜಿಯ ಹತ್ತಿರ ವಿಚಾರಿಸಿದೆ. ಮಕ್ಕಳೆಲ್ಲರ ಒಪ್ಪಿಗೆಯಿಲ್ಲದೆ ಅವರು ವ್ರತ ಕೊಡುವುದಿಲ್ಲ. ಸಲ್ಲೇಖನದ ವಿಷಯ ಹಿಂದೊಮ್ಮೆ ಕೋರ್ಟಿನವರೆಗೆ ಹೋದ ಮೇಲೆ ಸಮಾಜದ ಪಂಚರು ಬರವಣಿಗೆಯಲ್ಲೇ ಕೇಳುತ್ತಾರಂತೆ. ಮಕ್ಕಳು ಅಂದರೆ ನಾನು, ನೀನು. ಯೋಚಿಸಿ ಬರೆ.

ನಿನ್ನ ಅಕ್ಕ,
ಮೃಣಾಲ

—

ಯಾರ್ಕ್‌ಷೈರ್
20 ಫೆಬ್ರುವರಿ 2024

ಅಕ್ಕಾ,

ಪತ್ರ ತಲುಪಿ ನಾಲ್ಕು ದಿನವಾಯಿತು. ಪ್ರತಿದಿನ ಬರೆಯಲು ಕೂತು ಎದ್ದಿದ್ದೇನೆ. ನನ್ನ ಕನ್ನಡ ಅಕ್ಷರಗಳು ಮಿರಜದ ಶಾಲೆಯ ನಾಲ್ಕನೆಯ ಇಯತ್ತೆಯಲ್ಲೇ ನಿಂತುಬಿಟ್ಟಿವೆ, ತಪ್ಪಿದ್ದರೆ ನಗಬೇಡ.

ಅವ್ವನ ರಿಪೋರ್ಟುಗಳ ಫೋಟೋ ಕಳಿಸು. ಇಲ್ಲಿ ನನಗೆ ಗೊತ್ತಿರುವ ದೊಡ್ಡ ಡಾಕ್ಟರರಿದ್ದಾರೆ, ತೋರಿಸುತ್ತೇನೆ. ಪುಣೆಗೆ ಕರೆದೊಯ್ಯುವುದಾದರೆ ಎಲ್ಲ ಖರ್ಚು ನನ್ನದು. ಹಸಿವಾಗದಿದ್ದರೆ ಅದಕ್ಕೂ ಔಷಧವಿದೆ, ಹೆಸರು ಬರೆದು ಕಳಿಸುತ್ತೇನೆ.

ಉಳಿದ ವಿಷಯದ ಬಗ್ಗೆ ಈಗಲೇ ಏನೂ ಹೇಳಲಾರೆ. ನನ್ನ ಹೆಸರು ಇಲ್ಲಿ ಯಾಕೆ ಜನರಿಗೆ ಗೊತ್ತಾಯಿತೆಂದು ನಿನಗೆ ಹೇಳಿದ್ದೆ. ವೃದ್ಧಾಶ್ರಮದಲ್ಲಿ ತೊಂಬತ್ತು ವರ್ಷದ ಒಬ್ಬ ಹೆಂಗಸು ಉಪವಾಸ ಬಿದ್ದು ಸತ್ತಳು. ಕೆಲಸದವರು ಊಟದ ತಟ್ಟೆಯನ್ನು ಅವಳ ಕೈಗೆ ಎಟುಕದ ಮೇಜಿನ ಮೇಲಿಟ್ಟು, ಸಂಜೆ ಹಾಗೆಯೇ ಎತ್ತಿಕೊಂಡು ಹೋಗುತ್ತಿದ್ದರು. ಆ ಆಶ್ರಮವನ್ನು ಮುಚ್ಚಿಸುವವರೆಗೆ ನಾನು ಬಿಡಲಿಲ್ಲ. ಪಕ್ಷ ನನ್ನನ್ನು ಆರಿಸಿದ್ದೂ ಅದಕ್ಕೇ. ಊರಿನ ಮುದುಕಿಯರು ಬೀದಿಯಲ್ಲಿ ನನ್ನ ಕೈ ಹಿಡಿದುಕೊಂಡು ಮಾತಾಡಿಸುತ್ತಾರೆ.

ಸದ್ಯಕ್ಕೆ ಅವ್ವ ಏನಾದರೂ ತಿನ್ನಲಿ. ನನ್ನ ಹೆಸರು ಹೇಳಿ ತಿನ್ನಿಸು.

ಅರಿಹಂತ

—

ವಿಶ್ರಾಮಬಾಗ
14 ಮಾರ್ಚ್ 2024

ಚಿ. ಅರಿಹಂತ,

ನೀನು ಹೇಳಿದ ಹಸಿವಿನ ಔಷಧ ತಂದುಕೊಟ್ಟೆವು. ಮೂರು ದಿನ ತಗೊಂಡಳು. ಹಸಿವಾಯಿತು, ಆದರೆ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಅದು ಮೊದಲಿಗಿಂತ ಕೆಟ್ಟದ್ದಾಯಿತು. ನಿಲ್ಲಿಸಿದೆವು.

ಈಗ ಅವಳು ದಿನಕ್ಕೆ ಒಂದು ಬಟ್ಟಲು ಮಜ್ಜಿಗೆ, ಅರ್ಧ ಬಟ್ಟಲು ಹೆಸರುಬೇಳೆಯ ತಿಳಿ ಕುಡಿಯುತ್ತಾಳೆ. ನೋವು ಕಡಿಮೆಯಿದೆ. ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಗುರುಶಾಂತವ್ವ ಮಾಧವನಗರದಿಂದ ಎರಡು ದಿನಕ್ಕೊಮ್ಮೆ ಬಂದು ಕೂಡುತ್ತಾಳೆ. ಇಬ್ಬರೂ ಸತ್ತವರನ್ನೆಲ್ಲ ಬೈಯುತ್ತಾರೆ. ಮೊನ್ನೆ ಅಪ್ಪನ ಸರದಿ ಬಂತು. ಅವನು ಸತ್ತು ಮೂವತ್ತೆಂಟು ವರ್ಷವಾದರೂ ಅವ್ವನಿಗೆ ಅವನ ಮೇಲಿನ ಸಿಟ್ಟು ಹೋಗಿಲ್ಲ. ಎರಡು ಕೂಸುಗಳನ್ನು ಕೈಯಲ್ಲಿ ಕೊಟ್ಟು ಹೇಳದೆ ಕೇಳದೆ ಹೋದ, ತಾನು ಹಾಗೆ ಹೋಗುವವಳಲ್ಲ ಅಂದಳು.

ಇದನ್ನು ನೀನು ಸರಿಯಾಗಿ ತಿಳಿಯಬೇಕು, ಅರಿಹಂತ. ಅವಳು ಸಾಯಲು ಒಪ್ಪಿಗೆ ಕೇಳುತ್ತಿಲ್ಲ. ಸಾವು ಬಂದೇ ಬರುತ್ತದೆ, ಕ್ಯಾನ್ಸರು ನಿನ್ನ ಸಹಿಗೆ ಕಾಯುವುದಿಲ್ಲ. ಹೇಗೆ ಹೋಗಬೇಕೆಂಬುದಷ್ಟೇ ಅವಳ ಪ್ರಶ್ನೆ. ಆಯುಷ್ಯವಿಡೀ ಬೇರೆಯವರ ಹೊತ್ತಿಗೆ ಎದ್ದು, ಬೇರೆಯವರ ಹಸಿವಿಗೆ ಕುದಿದು ಬದುಕಿದವಳು. ಈ ಒಂದನ್ನು ಅವಳು ತನಗಾಗಿ ಬೇಡಿದ್ದಾಳೆ. ಬೇರೆ ಏನನ್ನೂ ಬೇಡಿದ್ದು ನನಗೆ ನೆನಪಿಲ್ಲ.

ಒಪ್ಪಿಗೆಯ ಕಾಗದ ಇದರೊಳಗಿದೆ. ನನ್ನ ಸಹಿ ಇದೆ. ಇವರೂ ಹಾಕಿದ್ದಾರೆ. ನಿನ್ನದು ಹಾಕಿ ಬೇಗ ಕಳಿಸು.

ಅಕ್ಕ

—

ಯಾರ್ಕ್‌ಷೈರ್
6 ಏಪ್ರಿಲ್ 2024

ಅಕ್ಕಾ,

ಈ ಪತ್ರವನ್ನು ಓದಿ ಹರಿದು ಹಾಕು. ಫೋನಿನಲ್ಲೋ ಮೆಸೇಜಿನಲ್ಲೋ ಈ ವಿಷಯ ಎತ್ತಬೇಡ. ನಾನು ಬರೆದ ಯಾವುದೂ ಹೊರಗಿನವರ ಕೈಗೆ ಸಿಗಬಾರದೆಂದು ಪ್ರಚಾರ ನೋಡಿಕೊಳ್ಳುವವರು ಎಚ್ಚರಿಸಿದ್ದಾರೆ.

ಸಹಿ ಹಾಕಲಾರೆ. ಕಾರಣ ಬರೆಯದೆ ಹೋದರೆ ನೀನು ಬೇರೇನೋ ತಿಳಿಯುತ್ತೀಯ, ಅದಕ್ಕೇ ಬರೆಯುತ್ತೇನೆ. ‘ನನ್ನ ತಾಯಿ ಊಟ ಬಿಡಲು ನನ್ನ ಒಪ್ಪಿಗೆಯಿದೆ’ ಎಂಬ ಕಾಗದದ ಮೇಲೆ ನನ್ನ ಹೆಸರು. ಆ ಆಶ್ರಮವನ್ನು ಮುಚ್ಚಿಸಿದವನ ಹೆಸರು. ಅದು ಒಬ್ಬ ಪತ್ರಿಕೆಯವನ ಕೈಗೆ ಸಿಕ್ಕರೆ ನಾನು ಸಲ್ಲೇಖನವೆಂದರೇನೆಂದು ವಿವರಿಸುತ್ತಾ ಕೂಡಬೇಕೆ? ಒಂದು ಸಾಲಿನ ಆರೋಪಕ್ಕೆ ಹತ್ತು ಪುಟದ ಉತ್ತರ ಯಾರೂ ಓದುವುದಿಲ್ಲ. ಇಪ್ಪತ್ತು ವರ್ಷದ ಕೆಲಸ ಒಂದು ಬೆಳಗಿನಲ್ಲಿ ಹೋಗುತ್ತದೆ.

ಚುನಾವಣೆ ಈ ವರ್ಷವೇ. ಅಲ್ಲಿಯವರೆಗೆ ತಡೆಯಲಿ. ಆಮೇಲೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ, ನಾನೇ ಬಂದು ಅವಳ ಪಕ್ಕದಲ್ಲಿ ಕೂಡುತ್ತೇನೆ.

ಕ್ಲೇರ್‌ಗೆ ಹೇಳಿದೆ. ನಿನಗೆ ಗೊತ್ತಲ್ಲ, ನನ್ನ ಹೆಂಡತಿ ಕೆಲಸ ಮಾಡುವುದು ಕೊನೆಯ ದಿನಗಳ ರೋಗಿಗಳ ಆಸ್ಪತ್ರೆಯಲ್ಲಿ. ಸಾಯುವವರು ಊಟ ಬಿಡುವುದನ್ನು ಅವಳು ದಿನವೂ ನೋಡುತ್ತಾಳಂತೆ. ತಾನಾಗಿದ್ದರೆ ಸಹಿ ಹಾಕುತ್ತಿದ್ದೆ ಅಂದಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳು ಚುನಾವಣೆಗೆ ನಿಂತಿಲ್ಲ.

ನನ್ನ ಮೇಲೆ ಸಿಟ್ಟಾಗಬೇಡ.

ಅರಿಹಂತ

—

ವಿಶ್ರಾಮಬಾಗ
5 ಮೇ 2024

ಅರಿಹಂತ,

ಅವ್ವ ವ್ರತದ ಮಾತು ಬಿಟ್ಟಿದ್ದಾಳೆ. ಹನ್ನೊಂದು ದಿನದಿಂದ ಊಟ ಮಾಡುತ್ತಿದ್ದಾಳೆ. ಗಂಜಿ, ಹಾಲು, ಮೆತ್ತಗೆ ಕಲಸಿದ ಅನ್ನ. ನೀನು ಬಯಸಿದಂತೆ ಆಗಿದೆ.

ಸಾಧ್ಯವಾದರೆ ಬಂದುಹೋಗು.

ಮೃಣಾಲ

—

ಯಾರ್ಕ್‌ಷೈರ್
26 ಮೇ 2024

ನನ್ನ ಅಕ್ಕಾ,

ನಿನ್ನ ಪುಟ್ಟ ಪತ್ರವನ್ನು ಕಾರಿನಲ್ಲಿ ಕೂತು ಓದಿದೆ, ಸ್ವಲ್ಪ ಅತ್ತೆ. ಅವ್ವ ಊಟ ಮಾಡುತ್ತಿದ್ದಾಳೆ! ವಿಡಿಯೋದಲ್ಲಿ ಕಳೆದ ಆದಿತ್ಯವಾರ ನೋಡಿದಾಗಲೂ ಅವಳ ಕೈಯಲ್ಲಿ ಬಟ್ಟಲಿತ್ತು. “ನೋಡಪಾ, ಉಣ್ಣಾಕತ್ತೇನಿ” ಎಂದು ಎತ್ತಿ ತೋರಿಸಿದಳು. ಬಡಕಲಾಗಿದ್ದಾಳೆ, ಆದರೆ ಕಣ್ಣಲ್ಲಿ ಕಳೆಯಿತ್ತು. ನಾನು ಸಹಿ ಹಾಕದಿದ್ದದ್ದು ಒಳ್ಳೆಯದಾಯಿತೆಂದು ಈಗ ನಿನಗೂ ಅನ್ನಿಸುತ್ತಿರಬೇಕು. ಜೀವಕ್ಕೆ ಒಂದು ಕಾರಣ ಸಿಕ್ಕರೆ ಅದು ಹಿಡಿದುಕೊಳ್ಳುತ್ತದೆ.

ಚುನಾವಣೆಯ ದಿನ ಗೊತ್ತಾಯಿತು, ಜುಲೈ ನಾಲ್ಕು. ಐದನೆಯ ತಾರೀಖಿನ ವಿಮಾನಕ್ಕೆ ಟಿಕೆಟ್ ತೆಗೆಸಿದ್ದೇನೆ. ಅದಕ್ಕೆ ಮುಂಚೆ ಒಂದು ದಿನವೂ ಬಿಡುವಿಲ್ಲ, ಬೆಳಗ್ಗೆ ಎಂಟಕ್ಕೆ ಮನೆಮನೆ ಬಾಗಿಲು ಬಡಿಯಲು ಹೊರಟರೆ ರಾತ್ರಿಯಾಗುತ್ತದೆ.

ನಿನ್ನೆ ಹಿರಿಯ ನಾಗರಿಕರ ಸಭೆಯಲ್ಲಿ ಅವ್ವನ ವಿಷಯ ಹೇಳಿದೆ. ನಮ್ಮ ಊರಿನಲ್ಲಿ ರೋಗಿಗಳು ಊಟ ಬಿಟ್ಟು ಹೋಗುವ ಪದ್ಧತಿಯುಂಟು, ನನ್ನ ತಾಯಿ ಬದುಕನ್ನು ಆರಿಸಿಕೊಂಡಳು ಅಂದೆ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವ್ವನಿಗೆ ಹೇಳು.

ನಿನ್ನ,
ಅರಿಹಂತ

—

ಲಂಡನ್
19 ಜುಲೈ 2024

ಅಕ್ಕಾ,

ಅವ್ವ ಹೋಗಿ ಮೂರು ವಾರವಾಯಿತು. ನೀನು ಫೋನ್ ಎತ್ತುವುದಿಲ್ಲ. ಜಯಕುಮಾರ ಭಾವ ಎತ್ತಿದರೂ ‘ಆರಾಮ ಅದಾಳ’ ಅಂದು ಇಡುತ್ತಾರೆ.

ಅಂತ್ಯಕ್ರಿಯೆಗೆ ಬರಲಾಗಲಿಲ್ಲ, ಪ್ರಚಾರದ ಕೊನೆಯ ವಾರವಾಗಿತ್ತು. ಸ್ಮಶಾನದಿಂದ ಭಾವ ತೋರಿಸಿದ ವಿಡಿಯೋವನ್ನು ಪ್ರಚಾರದ ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ನೋಡಿದೆ. ನಡುವೆ ಎರಡು ಸಲ ನಿಂತುಹೋಯಿತು.

ಸಾವಿರದ ಚಿಲ್ಲರೆ ಮತಗಳಿಂದ ಗೆದ್ದೆ. ಐದನೆಯ ತಾರೀಖಿನ ಟಿಕೆಟ್ ರದ್ದು ಮಾಡಿದೆ, ಅವ್ವನೇ ಇಲ್ಲದಿರುವಾಗ ಎಂದು. ಪ್ರಮಾಣವಚನ ತೆಗೆದುಕೊಳ್ಳುವಾಗ ಅವಳ ಫೋಟೋ ಒಳಜೇಬಿನಲ್ಲಿತ್ತು. ಇಲ್ಲಿನ ಪತ್ರಿಕೆಗಳಲ್ಲಿ ಅವಳ ಬಗ್ಗೆ ಒಳ್ಳೆಯ ಮಾತುಗಳು ಬಂದಿವೆ. ಕೊನೆಯವರೆಗೆ ಹೋರಾಡಿದಳು ಎಂದು ಬರೆದಿದ್ದಾರೆ.

ಒಂದು ಕೇಳಬೇಕಾಗಿದೆ. ಕೊನೆಯಲ್ಲಿ ನನ್ನ ಬಗ್ಗೆ ಏನಾದರೂ ಹೇಳಿದಳೇ? ಕ್ಲೇರ್ ಕೇಳಬೇಡ ಎನ್ನುತ್ತಾಳೆ. ಆದರೂ ಕೇಳುತ್ತಿದ್ದೇನೆ.

ಅರಿಹಂತ

—

ವಿಶ್ರಾಮಬಾಗ
18 ಸೆಪ್ಟೆಂಬರ್ 2024

ಅರಿಹಂತ,

ಇವತ್ತು ಕ್ಷಮಾವಾಣಿ. ದಶಲಕ್ಷಣ ಪರ್ವ ಮುಗಿದು, ಬೆಳಗಿನಿಂದ ನಮ್ಮವರು ಮನೆಯಿಂದ ಮನೆಗೆ ಹೋಗಿ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಿದ್ದಾರೆ. ಮನೆಯವರ ಗುಂಪಿನಲ್ಲಿ ನೀನು ಕಳಿಸಿದ ಕಮಲದ ಚಿತ್ರವೂ ಬಂತು. ನಾನು ಯಾರ ಮನೆಗೂ ಹೋಗಲಿಲ್ಲ.

ಎರಡು ತಿಂಗಳು ನಿನ್ನ ಪ್ರಶ್ನೆಗೆ ಉತ್ತರಿಸಲಿಲ್ಲ. ಉತ್ತರಿಸಬೇಕಾದರೆ ಏಪ್ರಿಲಿನಿಂದ ಹೇಳಬೇಕು, ಆಗ ನಾನು ಮಾಡಿದ್ದನ್ನೂ ಹೇಳಬೇಕು.

ನಿನ್ನ ಏಪ್ರಿಲಿನ ಪತ್ರ ಬಂದಾಗ ಅವ್ವ ಮಜ್ಜಿಗೆಯನ್ನೂ ಕಡಿಮೆ ಮಾಡಿದ್ದಳು. ದಿನವೂ ಬೆಳಗ್ಗೆ “ಟಪ್ಪಾಲು ಬಂತೇನ?” ಎಂದು ಕೇಳುತ್ತಿದ್ದಳು. ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಲಿಲ್ಲ. ಹರಿಯಲೂ ಇಲ್ಲ, ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟೆ. ಆಮೇಲೆ ಒಂದು ಮಧ್ಯಾಹ್ನ ಕೂತು ನಿನ್ನ ಹೆಸರಿನಲ್ಲಿ ನಾನೇ ಒಂದು ಒಪ್ಪಿಗೆ ಪತ್ರ ಬರೆದೆ. ಸಹಿಯನ್ನೂ ಹಾಕಿದೆ. ತಾಯಿಯ ಇಚ್ಛೆಗೆ ಮಗನ ಅಡ್ಡಿಯಿಲ್ಲ, ಅವಳ ದಾರಿ ಸುಗಮವಾಗಲಿ ಎಂದು ಬರೆದಿದ್ದೆ.  ಚೆನ್ನಾಗಿ ಬರೆದಿದ್ದೇನೆ ಎಂದು ಅನ್ನಿಸಿತು, ಅದೇ ನನಗೆ ಆಶ್ಚರ್ಯ.

ಏಪ್ರಿಲ್ ಇಪ್ಪತ್ನಾಲ್ಕಕ್ಕೆ ಮಾತಾಜಿ ಮನೆಗೆ ಬಂದರು. ಪಂಚರಲ್ಲಿ ಇಬ್ಬರು ಬಂದಿದ್ದರು. ಅವ್ವ ಬಿಳಿ ಸೀರೆ ಉಟ್ಟು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮಕ್ಕಳಿಬ್ಬರೂ ಮನಸಾರೆ ಒಪ್ಪಿದ್ದಾರೆಯೇ ಎಂದು ಮಾತಾಜಿ ಕೇಳಿದರು. ನಾನು ಕಾಗದ ಕೊಟ್ಟೆ. ಪಂಚರು ನೋಡಿ ತಲೆಯಾಡಿಸಿದರು. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅವ್ವ ನಿನ್ನ ಹೆಸರಿನ ಆ ಕಾಗದವನ್ನು ಗಟ್ಟಿಯಾಗಿ ಓದಲು ಹೇಳಿದಳು. ಓದಿದೆ. ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಓದು ಅಂದಳು. ಎರಡನೆಯ ಸಲ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು.

“ಇದು ಅಂವಾ ಬರದದ್ದಲ್ಲ” ಅಂದಳು.

ಕಣ್ಣು ತೆರೆದು ನನ್ನನ್ನೇ ನೋಡಿದಳು.

“ಹಡದಾಕಿಗಿ ಸಾಯಿ ಅನ್ನಾಕ ಅಂವಾ ಇಷ್ಟ ಸರಳ ಒಪ್ಪತಾನೇನ? ಒಂದರ ಸಲ ಬ್ಯಾಡ ಅಂದಿಲ್ಲ. ಜಗಳಾ ತಗದಿಲ್ಲ. ಮೃಣಾಲಾ, ಖರೇ ಹೇಳು. ಒಪ್ಪಿಲ್ಲ ಹೌದಲ್ಲೋ?”

ನಾನು ಒಪ್ಪಿಲ್ಲ ಅಂದೆ. ಮಾತಾಜಿ ಎದ್ದರು. ಸುಳ್ಳಿನ ಮೇಲೆ ವ್ರತ ನಿಲ್ಲುವುದಿಲ್ಲ, ಮಗನ ಮನಸ್ಸು ಬಂದಾಗ ಹೇಳಿ ಕಳಿಸಿ ಎಂದು ಬಾಗಿಲ ಹತ್ತಿರ ಇವರಿಗೆ ಹೇಳಿ ಹೋದರು. ಮನೆಯಲ್ಲಿ ನಾವು ಇಬ್ಬರೇ ಉಳಿದಾಗ ಅವ್ವ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ.

“ಯಾಕ ಒಪ್ಪವಲ್ಲ?”

ಆ ಹೊತ್ತಿಗೆ ಎರಡು ಉತ್ತರಗಳಿದ್ದವು. ನಿನ್ನ ಪತ್ರ ಹತ್ತು ಹೆಜ್ಜೆಯಾಚೆ ಕಪಾಟಿನಲ್ಲಿತ್ತು. ಅದನ್ನು ತಂದು ಓದಿದ್ದರೆ ಅವಳು ಮುಖ ಗೋಡೆಗೆ ತಿರುಗಿಸಿ ಮಲಗಿ, ವ್ರತವಿಲ್ಲದೆಯೇ ಬಾಯಿ ಕಟ್ಟಿ, ಎರಡು ವಾರದೊಳಗೆ ಹೋಗುತ್ತಿದ್ದಳು. ದೇಹಕ್ಕೆ ಅದು ಸುಲಭವಾಗಿತ್ತು. ಆದರೆ ನೀನು ಬರೆದದ್ದನ್ನು ತಿಳಿದು ಹೋಗುತ್ತಿದ್ದಳು. ಯೋಚಿಸಿ ಹೇಳಿದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

“ಅಂವಗ ನಿನ್ನ ಬಿಟ್ಟಕೊಡಾಕ ಆಗವಲ್ದು, ಅವ್ವಾ.”

 ಅವಳು ನಕ್ಕಳು. ಮುಖದಲ್ಲಿ ಮಾಂಸವೇ ಉಳಿದಿರಲಿಲ್ಲ, ನಗು ಬರೀ ಕಣ್ಣಲ್ಲಿತ್ತು.

“ಅಂವಾ ಹೋಗಿ ಇಪ್ಪತ್ತ ವರ್ಷ ಆತು. ಅಂವನ ಪಾಲಿಗಿ ನಾ ಎಂದೋ ಸತ್ತೇನಿ ಅಂತ ತಿಳದಿದ್ದೆ. ಇನ್ನೂ ಬೇಕಾಗೇನಿ ನೋಡು.” ಚಾಪೆಯ ಮೇಲೆ ನೆಟ್ಟಗೆ ಕೂತು, “ಗಂಜಿ ತಗೊಂಡ ಬಾ” ಅಂದಳು.

ಹಾಗೆ ಅವಳು ಊಟ ಶುರು ಮಾಡಿದ್ದು.

ನೀನು ವಿಡಿಯೋದಲ್ಲಿ ಬಟ್ಟಲು ನೋಡಿದೆ. ಬಟ್ಟಲು ಖಾಲಿಯಾದ ಮೇಲಿನದನ್ನು ನೋಡಲಿಲ್ಲ. ಒಳಗೆ ಹೋದದ್ದು ಕಾಲುಗಂಟೆಯಲ್ಲಿ ಹೊರಗೆ ಬರುತ್ತಿತ್ತು, ಮೊದಮೊದಲು ಹಾಗೆಯೇ, ಆಮೇಲೆ ಕಾಫಿಪುಡಿಯ ಬಣ್ಣದಲ್ಲಿ. ಗುರುಶಾಂತವ್ವ ಬೆನ್ನು ಹಿಡಿಯುತ್ತಿದ್ದಳು, ನಾನು ಬೋಗುಣಿ. ಬಾಯಿ ತೊಳೆಸಿ ಒರೆಸಿದರೆ ಮತ್ತೆ ಬಾಯಿ ತೆರೆಯುತ್ತಿದ್ದಳು. ಸಾಕು ಬಿಡಿ ಎಂದು ಗುರುಶಾಂತವ್ವ ಒಂದು ದಿನ ಅತ್ತಳು. “ಖಾನಾವಳ್ಯಾಗ ತಾಟಿನಾಗ ಬಿಟ್ಟವ್ರನ್ನ ಬೈತಿದ್ನಿ, ಈಗ ನಾ ಬಿಡ್ಲೇನ?” ಎಂದು ಅವ್ವ ಅವಳನ್ನೇ ಗದರಿಸಿದಳು. ಹೊತ್ತು ಮುಳುಗಿದರೆ ಉಣ್ಣುವಂತಿಲ್ಲ, ಅದಕ್ಕೆ ಮುಂಚೆ ಇನ್ನೊಂದು ಚಮಚ ಹೋಗಲಿ ಎಂದು ಕಿಟಕಿಯ ಕಡೆ ನೋಡುತ್ತಾ ನುಂಗುತ್ತಿದ್ದಳು. ನೋವಿನ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಇವರು ಒಂದು ಸಲ ನನ್ನನ್ನು ಅಡಿಗೆಮನೆಗೆ ಕರೆದು, ಅವಳಿಗೆ ನಿಜ ಹೇಳಿಬಿಡು, ಇದನ್ನು ನೋಡಲಾಗುವುದಿಲ್ಲ ಅಂದರು. ನಾನು ಕಪಾಟಿನವರೆಗೆ ಹೋದೆ. ಪತ್ರ ತೆಗೆದೆ. ಹೊರಗೆ ಅವ್ವ ಗುರುಶಾಂತವ್ವನಿಗೆ, ಅರಿಹಂತ ನನ್ನನ್ನು ಬಿಟ್ಟುಕೊಡಲು ಒಲ್ಲೆ ಅಂದಾನೆ ಎಂದು ಹೇಳುವುದು ಕೇಳಿಸಿತು. ದಿನವೂ ಯಾರಿಗಾದರೂ ಅದನ್ನು ಹೇಳುತ್ತಿದ್ದಳು. ಹಾಲಿನವನಿಗೂ ಹೇಳಿದ್ದಳು. ಪತ್ರವನ್ನು ಮತ್ತೆ ಅಲ್ಲೇ ಇಟ್ಟು ಬಂದೆ.

ನಿನ್ನ ಸಭೆಯ ಭಾಷಣವನ್ನು ಮೊಬೈಲಿನಲ್ಲಿ ಓದಿದೆ. ತಾಯಿ ಬದುಕನ್ನು ಆರಿಸಿಕೊಂಡಳು ಅಂದಿದ್ದೀಯ. ಅವಳು ಆರಿಸಿಕೊಂಡದ್ದು ನಿನ್ನನ್ನು. ಅವಳನ್ನು ಬಿಟ್ಟುಕೊಡದ ಮಗ ಒಬ್ಬನಿದ್ದಾನೆ ಎಂದು ಅವಳಿಗೆ ಹೇಳಿದವಳು ನಾನು. ಬೇಡವೆನ್ನಲು ನಿನಗೆ ನಿನ್ನ ಕಾರಣವಿತ್ತು. ಅದಕ್ಕೆ ಚೆಂದದ ಬೇರೆ ಕಾರಣ ಹೊಲಿದು ಕೊಟ್ಟವಳು ನಾನು. ಈ ಪಾಪದಲ್ಲಿ ನಿನ್ನದೆಷ್ಟು ನನ್ನದೆಷ್ಟು ಎಂದು ಬೇರ್ಪಡಿಸಲು ನೋಡಿದೆ, ಆಗಲಿಲ್ಲ.

ಜೂನ್ ಇಪ್ಪತ್ತಮೂರಕ್ಕೆ ನೀರೂ ಇಳಿಯಲಿಲ್ಲ. ಮಿರಜದ ಆಸ್ಪತ್ರೆಗೆ ಕರೆದೊಯ್ದೆವು. ಐಸಿಯುನಲ್ಲಿ ಇನ್ನೂ ತುಂಬಾ ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬಳಿದ್ದಳು, ಬೆಳಗಾವಿಯ ಕಡೆಯವಳು. ಮೂಗಿನಿಂದ ಕೊಳವೆ ಹಾಕಬಹುದು, ಆದರೆ ಅದರಿಂದ ಉಪಯೋಗ ಕಡಿಮೆ, ತ್ರಾಸು ಜಾಸ್ತಿ, ನೀವು ಬೇಡ ಎಂದರೆ ಹಾಕುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ನನಗೆ ಮೆಲ್ಲಗೆ ಹೇಳಿದಳು. ಮನೆಗೆ ಹೋಗುವುದೆಂದರೆ ಅವ್ವ ಜನವರಿಯಲ್ಲಿ ಕೇಳಿದ ಸಾವೇ, ಹೆಚ್ಚುಕಡಿಮೆ. ಚಾಪೆ, ತೆರೆದ ಕಿಟಕಿ, ಕಿವಿಯ ಹತ್ತಿರ ಣಮೋಕಾರ. ನಾನು ಬೇಡವೆನ್ನಲು ಬಾಯಿ ತೆರೆದೆ. ಅವ್ವ ಕೇಳಿಸಿಕೊಂಡಿದ್ದಳು. ಕೈಯಿಂದ ಆ ಡಾಕ್ಟರ್ ಹುಡುಗಿಯ ಕೋಟಿನ ತುದಿ ಹಿಡಿದಳು.

“ಹಾಕ್ರಿ. ನನ್ನ ಮಗಾ ಬರೂತನಕ ಹಾಕ್ರಿ.”

ಕೊಳವೆ ಹಾಕಿದ ಮೇಲೆ ಅವಳಿಗೆ ಮಾತಾಡುವ ಶಕ್ತಿ ಉಳಿಯಲಿಲ್ಲ. ಹಾಗಾಗಿ ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ, ಅವಳ ಕೊನೆಯ ಮಾತು ನಿನ್ನ ಬಗ್ಗೆಯೇ ಇತ್ತು. ಆಮೇಲೆ ನಾಲ್ಕು ದಿನ ಬದುಕಿದ್ದಳು. ಕೈಗಳನ್ನು ಮಂಚಕ್ಕೆ ಕಟ್ಟಿದ್ದರು, ಕೊಳವೆ ಕಿತ್ತುಕೊಳ್ಳಬಾರದೆಂದು. ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ನನ್ನನ್ನು ಒಳಗೆ ಬಿಡುತ್ತಿದ್ದರು. ಒಳಗೆ ಹೋದೊಡನೆ ಅವಳ ಕಣ್ಣು ನನ್ನನ್ನು ದಾಟಿ ಬಾಗಿಲಿಗೆ ಹೋಗುತ್ತಿತ್ತು. ನಿನ್ನ ವಿಮಾನಕ್ಕೆ ಇನ್ನೂ ಹನ್ನೆರಡು ದಿನವಿದೆ ಎಂದು ನನಗೆ ಗೊತ್ತಿತ್ತು.

“ನಾಳಿಗಿ ಬರ್ತಾನವ್ವಾ” ಅಂದೆ. ಇಪ್ಪತ್ತೇಳನೆಯ ತಾರೀಖಿನ ಬೆಳಗ್ಗೆಯವರೆಗೆ ಪ್ರತಿಸಲವೂ ಅದನ್ನೇ ಅಂದೆ.

ಮೃಣಾಲ